ಕಾಡತ್ತೆಯ ಹೆಸರು

ಕನಕಪುರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಮೊನ್ನೆ ಮಾಗಡಿ ಬಸ್ ನಿಲ್ದಾಣದಲ್ಲಿ ನನ್ನ ಕೈಗೊಂದು ಗಂಟು ಕೊಟ್ಟ. ಬಿಚ್ಚುವ ಮೊದಲೇ ವಾಸನೆಯಿಂದ ಗೊತ್ತಾಯಿತು, ಸೀಗೆಕಾಯಿ. ತಲೆಯಲ್ಲಿ ಕೂದಲೇ ಉಳಿಯದವನಿಗೆ ವರ್ಷವರ್ಷವೂ ಸೀಗೆಕಾಯಿ ಕಳಿಸುವವರು ಈ ಭೂಮಿಯ ಮೇಲೆ ಒಬ್ಬರೇ, ನಮ್ಮ ಕಾಡತ್ತೆ.

ಹೆಸರು ವಿಚಿತ್ರ ಅನ್ನಿಸಿತೇ? ಅಪ್ಪನಿಗೆ ಮೂವರು ತಂಗಿಯರು. ಅಜ್ಜ ಮೂವರನ್ನೂ ಮೂರು ದಿಕ್ಕಿಗೆ ಕೊಟ್ಟಿದ್ದ. ರಾಮನಗರದ ಬಂಡೆಗಳ ಬುಡಕ್ಕೆ ಹೋದವಳು ಬಂಡೆಯತ್ತೆ. ಚನ್ನಪಟ್ಟಣದ ಹೊಂಗನೂರಿನಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವುದರಲ್ಲೇ ಮುಳುಗಿದ್ದವಳು ಸೊಪ್ಪಿನತ್ತೆ. ಕನಕಪುರ ದಾಟಿ, ಆನೆ ಬಂದು ರಾಗಿ ಮೇದು ಹೋಗುವ ಕಾಡಂಚಿಗೆ ಸೇರಿದವಳು ಕಾಡತ್ತೆ. ನೆಲ ಬೇರೆ, ಅತ್ತೆ ಬೇರೆ ಎಂಬುದು ಮಕ್ಕಳಾದ ನಮಗೆ ತಿಳಿದೇ ಇರಲಿಲ್ಲ. ಈ ಸೀಮೆಯ ಬೆಟ್ಟ, ಬಯಲು, ಕಾಡುಗಳಲ್ಲಿ ಯಾರು ವಾಸಿಸುತ್ತಾರೆ ಎಂದು ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ, "ನಮ್ಮತ್ತೆದೀರು ಸಾ" ಎಂದು ಬೆಂಚಿನ ಮೇಲೆ ನಿಂತವನು ನಾನು. ಉತ್ತರ ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ.

ಹಬ್ಬಕ್ಕೆ ಮೂವರೂ ಬರುತ್ತಿದ್ದರು. ಬಂಡೆಯತ್ತೆ ಮಾತಾಡಿದರೆ ಎದುರು ಗುಡ್ಡಕ್ಕೂ ಕೇಳಬೇಕು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಾಯಿತೆಂದು ಸೊಪ್ಪಿನತ್ತೆ ಬಂದ ಕಾಲಲ್ಲೇ ಹೊರಡಲು ನೋಡುತ್ತಿದ್ದಳು. ಕಾಡತ್ತೆ ಮಾತ್ರ ಹೊರಡುವ ಮಾತೇ ಎತ್ತುತ್ತಿರಲಿಲ್ಲ. ಹಿತ್ತಲಿನಲ್ಲಿ ಕೂತು, ದೂರದ ಸಾವನದುರ್ಗದ ಬೆಟ್ಟ ನೋಡುತ್ತಾ ನನ್ನ ತಲೆಗೆ ಸೀಗೆಕಾಯಿ ತಿಕ್ಕುತ್ತಿದ್ದಳು. ಕಣ್ಣು ಉರಿದು ನಾನು ಅರಚುತ್ತಿದ್ದೆ. ಆ ಉರಿ ಈಗ ಬೇಕೆನಿಸುತ್ತದೆ.

ಹಾಗೆ ತಿಕ್ಕುವಾಗಲೇ ಒಮ್ಮೆ ಅಂದಿದ್ದಳು: "ಇಲ್ಲಿಗ್ ಬಂದ್ರೆ ಕಾಡತ್ತೆ ಅಂತೀರಿ. ಅಲ್ಲಿಗ್ ಹೋದ್ರೆ ಮಾಗ್ಡಿಯೋಳು ಅಂತಾರೆ. ಅಪ್ಪಯ್ಯ ಹೋದ್ಮೇಲೆ ನನ್ ಹೆಸ್ರಿಡ್ದು ಕರ್ಯೋರೇ ಇಲ್ಲ ಕಣ್ ಮಗ." ಅಪ್ಪಯ್ಯ ಎಂದರೆ ನಮ್ಮಜ್ಜ.

"ನಿನ್ ಹೆಸ್ರೇನತ್ತೆ?"

"ಒಸಿ ಕಣ್ಮುಚ್ಕೊ, ನೀರುಯ್ತೀನಿ."

ಬಂಡೆಯತ್ತೆ, ಸೊಪ್ಪಿನತ್ತೆ ಈಗಿಲ್ಲ. ಆ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಬರೀ ಬಂಡೆ, ಬರೀ ಸೊಪ್ಪು. ಕಾಡತ್ತೆಗೆ ಮಂಡಿನೋವು, ಬಸ್ಸು ಹತ್ತಲಾರಳು. ಸೀಗೆಕಾಯಿ ಮಾತ್ರ ಬರುತ್ತದೆ.

ಮೊನ್ನೆ ಬಂದ ಗಂಟು ಬಿಚ್ಚಿ ಅಪ್ಪನ ಮುಂದಿಟ್ಟು, ಅತ್ತೆಯ ಹೆಸರೇನೆಂದು ಕೇಳಿದೆ. ಅಪ್ಪ ಕನ್ನಡಕ ತೆಗೆದು ಹಿತ್ತಲ ಕಡೆ ನೋಡಿದ.

"ಸಾವಂದಮ್ಮ ಕಣ್ಲಾ. ಸಾವನ್ದುರ್ಗದ್ ಬೆಟ್ಟದ್ ದೇವ್ರ ಹೆಸ್ರು. ಅಪ್ಪಯ್ಯ ಸಾವಂದೀ ಅಂತ ಕೂಗೋರು."

ಕಾಡಿನವಳೆಂದು ನಾವು ಕರೆದವಳ ಹೆಸರಿನಲ್ಲಿ ನಮ್ಮ ಹಿತ್ತಲಿನ ಬೆಟ್ಟವೇ ಇತ್ತು.

ಅತ್ತೆಯ ಹೆಸರು ಹಿಡಿದು ಕೂಗುವುದು ಸೋದರಳಿಯನ ಕೆಲಸವಲ್ಲ. ಫೋನು ಮಾಡಿ, ಸ್ಪೀಕರ್ ಹಾಕಿ ಅಪ್ಪನ ಕೈಗೆ ಕೊಟ್ಟೆ. ಅಪ್ಪನಿಗೂ ಅವಳು ಇಷ್ಟು ವರ್ಷ ಬರೀ "ತಂಗ್ಯವ್ವ". ಗಂಟಲು ಸರಿಮಾಡಿಕೊಂಡು, ಅಜ್ಜನದೇ ದನಿಯಲ್ಲಿ, "ಸಾವಂದೀ" ಎಂದು ಕೂಗಿದ.

ಫೋನಿನಲ್ಲಿ ಗರಗರ ಸದ್ದು. ಸಿಗ್ನಲ್ ಹೋಯಿತೇನೋ ಅಂದುಕೊಂಡೆ, ಕಾಡಿನ ಕಡೆ ಅದು ಮಾಮೂಲು. ಆಮೇಲೆ ಸಣ್ಣ ಹುಡುಗಿಯ ದನಿಯಂತೆ ಕೇಳಿಸಿತು.

"ಬಂದೆ ಇರು, ಅಪ್ಪಯ್ಯ."

ಇವತ್ತು ಬೆಳಿಗ್ಗೆ ಬೋಳುತಲೆಗೆ ಸೀಗೆಕಾಯಿ ತಿಕ್ಕಿಕೊಂಡು ನೀರು ಹುಯ್ದುಕೊಂಡೆ. ಕಣ್ಣು ಮುಚ್ಚಲಿಲ್ಲ.