ಬೈಯುವ ಹಕ್ಕು

ಓಟು ಹಾಕಿದವನಿಗೆ ಮಾತ್ರ ಬೈಯುವ ಹಕ್ಕು ಎಂದು ಅಪ್ಪ ನಂಬಿದ್ದರು. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಮತದಾನದ ದಿನ ಎಲ್ಲರಿಗಿಂತ ಮೊದಲು ಸ್ನಾನ ಮುಗಿಸುತ್ತಿದ್ದವರು ಅವರೇ. ಕಾರ್ಖಾನೆಯಿಂದ ನಿವೃತ್ತರಾದ ದಿನ ತೊಟ್ಟಿದ್ದ ಸಫಾರಿ ಬೀರುವಿನಿಂದ ಹೊರಗೆ ಬರುತ್ತಿದ್ದದ್ದು ಮದುವೆಗೆ ಮತ್ತು ಓಟಿಗೆ. ಶಾಯಿ ಬೆರಳನ್ನು ಎಲ್ಲರಿಗೂ ತೋರಿಸಿ, ಕಾಫಿ ಕುಡಿದು ಬೈಯಲು ಕೂತರೆ ಮುಂದಿನ ಚುನಾವಣೆಯವರೆಗೆ ಬಿಡುವಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೂ ದಿಲ್ಲಿಯವರೆಗೆ ಬೈಗುಳ. ನಮಗೆ ನಗು.

ಗೇಟಿನ ಮುಂದೆ ಚರಂಡಿಯ ಚಪ್ಪಡಿ ಅಲ್ಲಾಡತೊಡಗಿದಾಗ ಪಾಲಿಕೆಗೆ ದೂರು ಕೊಟ್ಟರು. ಮೊಬೈಲಿಗೆ ಸಂದೇಶ ಬಂತು: ಪರಿಹರಿಸಲಾಗಿದೆ. ಅಪ್ಪ ಹೊರಗೆ ಹೋಗಿ ಕಾಲಿಟ್ಟು ನೋಡಿದರು. ಅಲ್ಲಾಡಿತು. ಮತ್ತೆ ದೂರು, ಮತ್ತೆ ಅದೇ ಸಂದೇಶ. ಕಚೇರಿಗೆ ಹೋದರೆ, "ಪಾಲಿಕೆ ಎಲೆಕ್ಷನ್ನೇ ಆಗಿಲ್ಲ, ಕಾರ್ಪೊರೇಟರೇ ಇಲ್ವಲ್ಲ ಯಜಮಾನ್ರೇ, ನಾವೇನ್ ಮಾಡೋಣ?" ಎಂದರಂತೆ.

"ನಾವೇ ಸಿಮೆಂಟ್ ಹಾಕಿಸ್ಬಿಡೋಣ ಅಪ್ಪಾ" ಎಂದೆ.

"ಸರ್ಕಾರದ ಕೆಲಸ ಸರ್ಕಾರಾನೇ ಮಾಡ್ಬೇಕು" ಎಂದು ನನ್ನ ಮೇಲೆಯೇ ರೇಗಿದರು.

ಒಂದು ಬೆಳಿಗ್ಗೆ ಸೊಪ್ಪು ಕೊಳ್ಳಲು ಹೋದ ಅಮ್ಮ ಆ ಚಪ್ಪಡಿಯ ಜೊತೆಗೇ ಕೆಳಗೆ ಬಿದ್ದಳು. ಸೊಂಟ ಮುರಿಯಿತು. ಆಮೇಲೆ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ.

ಆದರೂ ಈ ಸಲದ ಲೋಕಸಭೆ ಚುನಾವಣೆಗೆ ಅಪ್ಪನೇ ಓಡಾಡಿ, ಅವಳು ಮಲಗಿದಲ್ಲೇ ಓಟು ಹಾಕುವ ವ್ಯವಸ್ಥೆ ಮಾಡಿಸಿದರು. ಮತದಾನಕ್ಕೆ ಮೊದಲೇ ಒಂದು ಮಧ್ಯಾಹ್ನ ಅಧಿಕಾರಿಗಳು, ಪೊಲೀಸಿನವರು, ಕ್ಯಾಮೆರಾದವನು ಎಲ್ಲರೂ ಮನೆಗೆ ಬಂದರು. ಹಾಸಿಗೆಯ ಪಕ್ಕ ರಟ್ಟಿನ ಮರೆ ನಿಲ್ಲಿಸಿದರು. ಒಳ್ಳೆಯ ಜನ, "ನಿಧಾನ ಅಮ್ಮಾ" ಎಂದೇ ಮಾತಾಡಿಸಿದರು. ಓಟು ಹಾಕಿದ ಅಮ್ಮ ಹೊರಟವರಿಗೆ ಕೂಗಿ ಹೇಳಿದಳು: "ಗೇಟ್ ಹತ್ರ ಹುಷಾರು ಕಣ್ರಪ್ಪಾ, ಬರೀ ಹಲಗೆ ಹಾಕಿದೀವಿ."

"ನೋಡ್ಕೊಂಡೇ ದಾಟಿ ಬಂದ್ವಿ ಅಮ್ಮಾ" ಎಂದ ಒಬ್ಬ.

ಅಪ್ಪ ಬಾಗಿಲಲ್ಲಿ ನಿಂತು, ಅವರು ಒಬ್ಬೊಬ್ಬರಾಗಿ ಹಲಗೆ ದಾಟುವುದನ್ನು ನೋಡಿದರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

ಮತದಾನದ ದಿನ ನಾನೇ ಸಫಾರಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟೆ. "ನೀನು ಹೋಗ್ಬಾ" ಎಂದರು.

"ಓಟ್ ಹಾಕ್ದೆ ಇದ್ರೆ ಬೈಯೋ ಹಕ್ಕಿರಲ್ಲ ಅಪ್ಪಾ" ಎಂದು ಚುಚ್ಚಿದೆ.

"ಯಾರಿಗೆ ಬೈಲಿ?" ಎಂದರು. ನಿಜವಾಗಿಯೂ ಕೇಳುತ್ತಿದ್ದರು. ನಾನು ಸಫಾರಿಯನ್ನು ಮತ್ತೆ ಬೀರುವಿನಲ್ಲಿಟ್ಟೆ.

ಮೊನ್ನೆ ಮತ್ತೆ ನಲ್ಲಿಯಲ್ಲಿ ನೀರು ಬರಲಿಲ್ಲ. "ಶುರು ಮಾಡ್ತಾರೆ ನೋಡು" ಎಂದಳು ಅಮ್ಮ, ಸ್ವಲ್ಪ ಆಸೆಯಿಂದಲೇ. ಅಪ್ಪ ಟ್ಯಾಂಕರಿನವನಿಗೆ ಫೋನ್ ಮಾಡಿ, ಯಾವ ಮಂತ್ರಿಯ ಮುಂದೆಯೂ ಆಡಿರದ ತಗ್ಗಿದ ದನಿಯಲ್ಲಿ, "ಸ್ವಲ್ಪ ಬೇಗ ಕಳಿಸಿ ಸಾರ್, ದಯವಿಟ್ಟು" ಎಂದರು.