ಪಿನಾಸರು ಸಾಕಿದ ತ್ವಾತ್ವಾ

ಪರಮಾರಿಬೊ ನಗರದಲ್ಲಿ ಪಂಜರದ ಹಾಡುಹಕ್ಕಿಗಳ ಪೈಕಿ ಯಾವುದು ತ್ವಾತ್ವಾ, ಯಾವುದು ಪಿಕೊಲೆಟ್ ಎಂಬ ತಗಾದೆ ಎದ್ದರೆ ಜನ ವಾಲ್ಡೆಮಾರ್ ಪಿನಾಸರನ್ನು ಹುಡುಕಿಕೊಂಡು ಬರುತ್ತಿದ್ದರು. ಬಾರದಿದ್ದರೆ ಪಿನಾಸರೇ ಹೋಗುತ್ತಿದ್ದರು. ಮೂವತ್ತು ವರ್ಷ ನದಿ ದಾಟಿಸುವ ದೋಣಿಯಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ತೀರ್ಪು ಕೊಡುವ ಚಟ ಅಲ್ಲೇ ಅಂಟಿತ್ತು.

“ಎರಡೂ ಕಾಳು ತಿನ್ನೋವೇ, ಮರಿಯಾಗಿದ್ದಾಗ ಎರಡೂ ಮಣ್ಣಿನ ಬಣ್ಣವೇ. ಬೆಳೆದ ಮೇಲೆ ಗಂಡು ತ್ವಾತ್ವಾ ಪೂರಾ ಕಪ್ಪು, ಕೊಕ್ಕು ಇಕ್ಕಳದ ಹಾಗೆ ದಪ್ಪ. ಪಿಕೊಲೆಟ್ ಸಣ್ಣದು, ಹೊಟ್ಟೆ ಇಟ್ಟಿಗೆಗೆಂಪು. ನನಗಾದ್ರೆ ಮರೀಲೇ ಗೊತ್ತಾಗತ್ತೆ!”

ಹಾಗೆ ಗೊತ್ತುಮಾಡಿಕೊಂಡು ತಂದ ತ್ವಾತ್ವಾ ಮರಿಯೊಂದು ಈಗ ಅವರ ಪಂಜರದಲ್ಲಿತ್ತು. ಗದ್ದಲ ಅಭ್ಯಾಸವಾಗಲೆಂದು ಊರಿನ ಹಕ್ಕಿ ಸಾಕುವವರೆಲ್ಲರ ಹಾಗೆ ಅವರೂ ಪಂಜರವನ್ನು ಮಾರುಕಟ್ಟೆಗೆ, ಕ್ಷೌರದಂಗಡಿಗೆ, ಚರ್ಚಿನ ಬಾಗಿಲವರೆಗೂ ಒಯ್ದರು. ಭಾನುವಾರದ ಹಕ್ಕಿಗಳ ಹಾಡಿನ ಪಂದ್ಯದಲ್ಲಿ ದೊಡ್ಡ ತ್ವಾತ್ವಾಗಳ ಪಕ್ಕ ತೂಗುಹಾಕಿದರು. ವಾರಕ್ಕೊಮ್ಮೆ ಕೊಕ್ಕನ್ನು ಕಾಗದಕ್ಕಿಟ್ಟು ಸುತ್ತ ಗೆರೆ ಎಳೆದು ಅಳೆದರು. ಪೆನ್ಸಿಲ್ ಮೊಂಡಾಗಿ ಗೆರೆ ದಪ್ಪವಾದಷ್ಟೂ ಕೊಕ್ಕು ಬೆಳೆಯಿತು. ಹಕ್ಕಿ ಮಾತ್ರ ಎಂಟು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಬೆಳಗ್ಗೆ ಅದರ ಹೊಟ್ಟೆಯ ಮೇಲೆ ಎರಡು ಕೆಂಪು ಗರಿ ಕಂಡವು. ಪಿನಾಸರು ಹೆಂಡತಿಯನ್ನು ಕೂಗಿದರು.

“ಹೆರ್ಮಿನಾ, ಬಾರೇ ಇಲ್ಲಿ! ಏನೋ ರೋಗ ಬಡಿದಿದೆ!”

ಪಿಕೊಲೆಟ್ ಎಂಬ ಮಾತು ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ಕೆಂಪು ದಿನದಿನಕ್ಕೆ ಹರಡಿತು. ಪಿನಾಸರಿಗೆ ಊಟ ಸೇರದಾಯಿತು.

“ನೀವು ಉಪವಾಸ ಬಿದ್ರೆ ಅದಕ್ಕೆ ವಾಸಿಯಾಗತ್ತಾ?” ಎಂದು ಹೆಂಡತಿ ಗದರಿದಳು.

ನಾಲ್ಕನೆಯ ದಿನ ಪಂಜರಕ್ಕೆ ಬಟ್ಟೆ ಮುಚ್ಚಿ, ಹುಲ್ಲುಬೀಜ ಮಾರುವ ಜಾವಾ ಮೂಲದ ಮುದುಕಿ ಸಾಕಿಯೆಮ್ ಹತ್ತಿರ ಓಡಿದರು.

“ಅಕ್ಕಾ, ಏನಾದ್ರೂ ಔಷಧ ಕೊಡು. ಉಳಿಯತ್ತಾ ಇದು?”

ಸಾಕಿಯೆಮ್ ಬಟ್ಟೆ ಎತ್ತಿ ನೋಡಿದಳು. “ಉಳಿಯೋದೇನು, ಗುಂಡುಕಲ್ಲಿನ ಹಾಗಿದೆ! ಪಿಕೊಲೆಟ್ ಕಣಪ್ಪಾ ಇದು. ಹೊಟ್ಟೆ ಕೆಂಪಾಗ್ದೆ ನೀಲಿ ಆಗತ್ತಾ?”

ಬೀಜಕ್ಕೆ ಬಂದಿದ್ದವರೆಲ್ಲ ಹೋ ಎಂದು ನಕ್ಕರು. “ಯಜಮಾನ್ರೇ, ಟಿಕೆಟನ್ನೂ ಹೀಗೇ ನೋಡಿ ಹರೀತಿದ್ರಾ?” ಎಂದ ಒಬ್ಬ.

ಮುದುಕಿ ಪಂಜರವನ್ನು ತನ್ನ ಪಿಕೊಲೆಟ್ ಪಕ್ಕ ತೂಗುಹಾಕಿದಳು. “ದೈತ್ಯರ ಮಧ್ಯೆ ಕೂರಿಸಿದ್ರೆ ಯಾರು ತಾನೇ ಬಾಯಿ ಬಿಡ್ತಾರೆ?”

ಅವಳ ಹಕ್ಕಿ ಒಂದು ಸಿಳ್ಳೆ ಹಾಕಿತು. ಪಿನಾಸರ ಹಕ್ಕಿ ಕತ್ತು ಓರೆ ಮಾಡಿತು, ಗಂಟಲು ಉಬ್ಬಿಸಿತು, ಶುರುಮಾಡಿದ್ದು ನಿಲ್ಲಿಸಲೇ ಇಲ್ಲ.

ಸುತ್ತಲಿನವರು ಇನ್ನೂ ನಗುತ್ತಿದ್ದರು. ಪಿನಾಸರು ಬೆಂಚಿನ ಮೇಲೆ ಕುಸಿದು ಕುಳಿತು, ಪಕ್ಕದಂಗಡಿಯಿಂದ ಒಂದು ತಟ್ಟೆ ಹುರಿದ ಶಾವಿಗೆ ತರಿಸಿದರು.

“ಬದುಕಿದೆಯಲ್ಲ, ಸಾಕು ಬಿಡ್ರಯ್ಯಾ,” ಎಂದು ತುಂಬಿದ ಬಾಯಲ್ಲೇ ಹೇಳಿ, ಇನ್ನೊಂದು ತಟ್ಟೆಗೆ ಕೈ ತೋರಿಸಿದರು.