ಅಂಗಾಲಿಗೆ ಕನ್ನಡಿ

ಅಚ್ಚಣ್ಣ ಹೋದ ಮಂಗಳವಾರ ಬೆಳಗ್ಗೆ ತೀರಿಕೊಂಡ. ಎದೆ ಹಿಡಿದಂತಾಗಿ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಅಂದಿನಿಂದ ಅವನ ಬೂಟಿನ ಅಂಗಡಿಗೆ ಬೀಗ ಬಿದ್ದಿದೆ. ಹೊಲಿಯಲು ಕೊಟ್ಟವರು ಒಬ್ಬೊಬ್ಬರಾಗಿ ಬರುತ್ತಾರೆ, ಬೀಗ ನೋಡುತ್ತಾರೆ, ಎದುರಿನ ಪ್ರೆಸ್ಸಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಾರೆ. ಬೂಟಿನ ವಿಷಯ ಯಾರೂ ಎತ್ತುವುದಿಲ್ಲ.

ಅಚ್ಚಣ್ಣ ಎನ್ನುವುದು ಬೀದಿ ಇಟ್ಟ ಹೆಸರು. ಅವನ ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದುಗಡೆ ಗಿರಾಕಿಗಳ ಬೆಂಚು, ಹಿಂದುಗಡೆ ಅವನ ಗಿಡ್ಡ ಸ್ಟೂಲು, ನಡುವೆ ಕಿಟಕಿಯ ಬೆಳಕು ನೇರ ಬೀಳುವಂತೆ ಹಾಕಿದ ಮೇಜು. ಅಂಟು, ಮೇಣ, ಹದವಾದ ಚರ್ಮ ಮೂರೂ ಸೇರಿದ ವಾಸನೆ. ಗೋಡೆಯ ತುಂಬ ಮರದ ಪಾದಗಳು. ಗಿರಾಕಿಯ ಕಾಲನ್ನು ಅಳೆದು, ಮರದಲ್ಲಿ ಅದರಂತೆಯೇ ಕೆತ್ತಿ, ಅದರ ಮೇಲೆ ಚರ್ಮ ಬಿಗಿದು ಬೂಟು ಹೊಲಿಯುವುದು ಅವನ ಕಸುಬು. ಆ ಮರದ ಪಾದಕ್ಕೆ ಅಚ್ಚು ಎನ್ನುತ್ತಾರೆ. ಕಾಲು ಬದಲಾದ ಹಾಗೆ ಅಚ್ಚಿಗೂ ಅಲ್ಲಲ್ಲಿ ಚರ್ಮದ ಚೂರು ಅಂಟಿಸಿ ದಪ್ಪ ಮಾಡಬೇಕು. ಹೀಗೆ ಅಂಚೆಯವನ ಅಚ್ಚಿನ ಹಿಮ್ಮಡಿ ಬೆಳೆದಿತ್ತು, ಸೂಲಗಿತ್ತಿಯ ಅಚ್ಚಿನ ಹೆಬ್ಬೆರಳ ಗೆಣ್ಣು ಬೆಳೆದಿತ್ತು. ಗೋಡೆ ನೋಡಿದರೆ ಬೀದಿಗೆ ಎಷ್ಟು ವಯಸ್ಸಾಯಿತು ಎಂದು ಗೊತ್ತಾಗುತ್ತಿತ್ತು.

ಎದುರಿನ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು ಅವನ ಗೆಳೆಯ. ಮಧ್ಯಾಹ್ನದ ಟೀ ಇಬ್ಬರಿಗೂ ಆ ಬೆಂಚಿನ ಮೇಲೇ. ಇಬ್ಬರದ್ದೂ ಅಚ್ಚಿನ ಕೆಲಸವೇ ಅಲ್ಲವೇ ಎಂದು ಗೆಳೆಯ ಒಮ್ಮೆ ಅಂದಾಗ ಅಚ್ಚಣ್ಣ ದಬ್ಬಳವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ನಿನ್ನ ಅಚ್ಚಿನಲ್ಲಿ ತಪ್ಪಾದರೆ ಓದಿದವನು ನಗುತ್ತಾನೆ, ನನ್ನ ಅಚ್ಚಿನಲ್ಲಿ ತಪ್ಪಾದರೆ ಹಾಕಿಕೊಂಡವನು ಅಳುತ್ತಾನೆ ಅಂದಿದ್ದ. ಪ್ರೆಸ್ಸಿನಲ್ಲಿ ಆ ಮಾತು ಬಹಳ ದಿನ ಓಡಾಡಿತು.

ಬೆಳಗ್ಗೆ ಅಳತೆ ಕೊಡಲು ಬಂದವರಿಗೆ ಅವನು ಟೀ ಕುಡಿಸಿ ವಾಪಸು ಕಳಿಸುತ್ತಿದ್ದ. ದಿನವೆಲ್ಲ ನಿಂತು ನಡೆದು ಉಬ್ಬಿದ ಸಂಜೆಯ ಕಾಲೇ ನಿಜವಾದ ಕಾಲು. ಕೂತು ಕೊಟ್ಟ ಅಳತೆಯೂ ಅವನಿಗೆ ಆಗದು. ಎದ್ದು ನಿಂತು ಮೈಭಾರ ಬಿಟ್ಟಾಗಲೇ ಪಾದ ಹರಡುವುದು. ಎರಡು ಕಾಲೂ ಅಳೆಯಬೇಕು, ದೊಡ್ಡ ಕಾಲಿಗೆ ಹೊಂದಿಸಬೇಕು, ಬೆರಳ ಮುಂದೆ ಹೆಬ್ಬೆಟ್ಟಿನಗಲ ಜಾಗ ಬಿಡಬೇಕು. ದೊಡ್ಡ ರಸ್ತೆಯ ಅಂಗಡಿಗಳವರು, ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ ಎಂದು ಮಾರುವುದನ್ನು ಕೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. ಹಾಗಂದವನ ಕಾಲಿಗೇ ಅದನ್ನು ತೊಡಿಸಿ ಊರು ಸುತ್ತಿಸಬೇಕು, ಬೂಟು ಪಳಗಿಸಲು ಅದೇನು ಹೋರಿಯೇ ಎನ್ನುತ್ತಿದ್ದ. ಗಿರಾಕಿಗಳನ್ನು ಒಂದೆರಡು ವರ್ಷಕ್ಕೊಮ್ಮೆ ಕರೆಸಿ ಮತ್ತೆ ಅಳೆಯುತ್ತಿದ್ದ. ಅನ್ನ ಹಳಸುವ ಹಾಗೆ ಅಳತೆಯೂ ಹಳಸುತ್ತದೆ ಎಂಬುದು ಅವನ ವಾದ.

ಒಂದು ಜೋಡಿ ಅಚ್ಚು ಮಾತ್ರ ಬೇರೆಯವುಗಳ ಜೊತೆ ಇರಲಿಲ್ಲ. ಕಿಟಕಿಯ ಮೇಲೆ ಒಂಟಿ ಮೊಳೆಗೆ ಆ ಜೋಡಿ ನೇತಾಡುತ್ತಿತ್ತು. ಸಪೂರವಾಗಿ, ನುಣುಪಾಗಿ, ಕೈ ಸವರಿ ಸವರಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಅದು ಅವನು ಕಸುಬು ಕಲಿಸಿದ ಗುರುವಿನ ಸಹಾಯವಿಲ್ಲದೆ ಕೆತ್ತಿದ ಮೊದಲ ಅಚ್ಚು. ಬಟ್ಟೆ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಬೂಟು ಬೇಕೆಂದು ಬಂದಿದ್ದಳು. ಕಾಗದದ ಮೇಲೆ ಅವಳನ್ನು ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆಯುವಾಗ, ಒಳಬದಿಯ ಕಮಾನಿನ ಹತ್ತಿರ ಬಂದ ಕೂಡಲೇ ಕಚಗುಳಿಯಾಗಿ ನಕ್ಕುಬಿಟ್ಟಳು. ಗೆರೆ ಅಂಕುಡೊಂಕಾಯಿತು. ಗುರು ಹಿಂದುಗಡೆಯ ಸ್ಟೂಲಿನಿಂದಲೇ, "ಕೈ ನಡುಗ್ತಿರೋದು ಯಾರದಪ್ಪಾ?" ಎಂದು ಕೇಳಿದ. ಬೂಟು ಸಿದ್ಧವಾದ ದಿನ ಅವಳು ಅಂಗಡಿಯ ಉದ್ದಕ್ಕೂ ಹೋಗಿ ಬಂದು, ಕಾಲಿಗೆ ಏನೂ ಹಾಕಿಕೊಂಡ ಹಾಗೇ ಇಲ್ಲ ಅಂದಳು. ಅದಕ್ಕಿಂತ ದೊಡ್ಡ ಮಾತನ್ನು ಅವನು ಆಮೇಲೆ ಯಾರ ಬಾಯಿಂದಲೂ ಕೇಳಲಿಲ್ಲವಂತೆ. ಮರುವರ್ಷ ಅವರ ಮದುವೆಯಾಯಿತು.

ಅಲ್ಲಿಂದ ವರ್ಷಕ್ಕೊಂದು ಜೊತೆ ಹೆಂಡತಿಗೆ ಅದೇ ಅಚ್ಚಿನ ಮೇಲೆ ಹೊಲಿದ. ಹೊಸ ಗಿರಾಕಿಗಳಿಗೆಲ್ಲ ಆ ಜೋಡಿಯನ್ನು ಇಳಿಸಿ ತೋರಿಸಿ, ಇದು ನಮ್ಮವಳ ಕಾಲು ಅನ್ನುತ್ತಿದ್ದ. ಎಲ್ಲರ ಅಳತೆಯೂ ಹಳಸುತ್ತದೆ ಎನ್ನುತ್ತಿದ್ದವನು ಅವಳದನ್ನು ಮಾತ್ರ ಮತ್ತೆ ಅಳೆಯಲಿಲ್ಲ. ಗೆಳೆಯ ಒಮ್ಮೆ ಕೇಳಿದ್ದಕ್ಕೆ, ಅವಳ ಕಾಲು ನನ್ನ ಕೈಗೇ ಬಾಯಿಪಾಠ ಅಂದ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೆಂಡತಿ ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಕೂರುವ ಹಾಗಿಲ್ಲ. ಥಾನು ಇಳಿಸುವುದು, ಬಿಡಿಸುವುದು, ಗಿರಾಕಿ ಮೂಗು ಮುರಿದರೆ ಮಡಿಚಿಡುವುದು, ಎಲ್ಲವೂ ನಿಂತೇ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಹೋದಳು. ಈ ಮಧ್ಯೆ ತಾಯಿಯ ಪಾದ ಅಗಲವಾಯಿತು, ಹೆಬ್ಬೆರಳ ಬುಡದ ಮೂಳೆ ಹೊರಗೆ ಬಂತು. ಅವಳು ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಬಸ್ ನಿಲ್ದಾಣದ ಹತ್ತಿರ ಕೊಡೆಯ ಕೆಳಗೆ ಕೂತು ಚಪ್ಪಲಿ ರಿಪೇರಿ ಮಾಡುವ ಮುದುಕ. ಒಂದು ಮಧ್ಯಾಹ್ನ ಅವನು ಕಂಕುಳಲ್ಲಿ ಬೂಟೊಂದನ್ನು ಇಟ್ಟುಕೊಂಡು ಅಚ್ಚಣ್ಣನ ಅಂಗಡಿಗೆ ಬಂದ.

"ಈ ಬಣ್ಣದ ಚರ್ಮದ ಚೂರಿದ್ರೆ ಕೊಡಣ್ಣ. ಒಬ್ಬ ತಾಯಿ ಪ್ರತಿ ವರ್ಷ ಹೊಸ ಬೂಟು ತಂದು ಸಡಿಲ ಮಾಡ್ಕೊಡು ಅಂತಾಳೆ. ಈ ಸಲ ಎಳೆದೂ ಎಳೆದೂ ಪಕ್ಕ ಬಿರಿದುಹೋಯ್ತು."

ಅಚ್ಚಣ್ಣ ಬೂಟನ್ನು ಕೈಗೆ ತೆಗೆದುಕೊಂಡ. ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಗೆಳೆಯನಿಗೂ ಆ ಹೊಲಿಗೆ ಯಾರದೆಂದು ಗೊತ್ತಾಯಿತು.

"ಹೊಲಿದವನ ಕೈ ಚಿನ್ನ, ಅದ್ರಲ್ಲಿ ಎರಡು ಮಾತಿಲ್ಲ," ಎಂದ ಮುದುಕ. "ಕಣ್ಣು ಮಾತ್ರ ಇದ್ದಂಗಿಲ್ಲ. ಇದು ಆ ತಾಯಿ ಕಾಲೇ ಅಲ್ಲ. ಅವಳ ಮಗಳ ಕಾಲು."

ಗೊತ್ತಿದ್ದು ಅಂದನೋ, ಗೊತ್ತಿಲ್ಲದೆ ಅಂದನೋ, ಕೊನೆಗೂ ತಿಳಿಯಲಿಲ್ಲ. ಅಚ್ಚಣ್ಣ ಬೂಟಿನೊಳಗೆ ಕೈ ಹಾಕಿ ತಡವಿದ. ಕಿರುಬೆರಳು ಬರುವ ಜಾಗದಲ್ಲಿ ಒಳಹಾಸು ಒಣಗಿ ಗಟ್ಟಿಯಾಗಿತ್ತು. ಬೆಳಕಿಗೆ ಹಿಡಿದು ನೋಡಿದ. ರಕ್ತದ ಕಲೆ, ಅದರ ಅಂಚಿನಲ್ಲಿ ಹಳದಿ. ಮುದುಕನಿಗೆ ಚರ್ಮದ ಚೂರು ಕೊಟ್ಟ, ಬೂಟು ಮಾತ್ರ ಕೊಡಲಿಲ್ಲ. ಟೀ ಹಾಗೇ ಆರಿತು.

ಸಂಜೆ ಅವಳು ರಬ್ಬರ್ ಚಪ್ಪಲಿಯಲ್ಲಿ ಕೆಲಸದಿಂದ ಬಂದಾಗ ಅವನು ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಕಾಲು ತೋರಿಸು ಅಂದ. ಇದೇನು ಹೊಸದಾಗಿ ಎಂದು ಅವಳು ಕುರ್ಚಿಯ ಕೆಳಗೆ ಕಾಲೆಳೆದುಕೊಂಡಳು. ಅವನು ಬೂಟನ್ನು ಮುಂದಿಟ್ಟ ಮೇಲೆ ವಿಧಿಯಿಲ್ಲದೆ ಚಾಚಿದಳು. ಊರಿನವರ ಕಾಲನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ನೋಡಿದವನು ಹೆಂಡತಿಯ ಕಾಲನ್ನು ಅಂದು ನೋಡಿದ. ಹಿಮ್ಮಡಿ ಬಾಯಿ ಬಿಟ್ಟಿತ್ತು. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಗಂಟುಗಂಟಾಗಿ ಆಣಿ, ಅದನ್ನು ಅವಳು ಅವನದೇ ಚರ್ಮ ಸವರುವ ಹಳೆಯ ಚೂರಿಯಿಂದ ಹೆರೆದುಕೊಳ್ಳುತ್ತಿದ್ದಳು. ಕಿರುಬೆರಳ ಪಕ್ಕ ಅಂಗಿಯ ಗುಂಡಿಯಷ್ಟು ಹುಣ್ಣು. ಮುಟ್ಟಿದರೂ ಅವಳು ಕಾಲು ಎಳೆದುಕೊಳ್ಳಲಿಲ್ಲ.

"ನೋವಿಲ್ವಾ?"

"ಮೊದಲು ಇತ್ತು. ಈಚೆಗೆ ಏನೂ ಗೊತ್ತಾಗಲ್ಲ. ಒಳ್ಳೇದೇ ಆಯ್ತು."

ಸಕ್ಕರೆ ಕಾಯಿಲೆ ಅವಳಿಗೆ ಕೆಲವು ವರ್ಷಗಳಿಂದ ಇತ್ತು. ಆ ಕಾಯಿಲೆಯ ಕಾಲಿಗೆ ನೋವು ತಿಳಿಯದಿದ್ದರೆ ನರ ಸತ್ತಂತೆ ಎಂದು ಗಿರಾಕಿಗಳ ಕಾಲಿನಿಂದ ಅವನು ಕಲಿತಿದ್ದ. ನೋವಿಲ್ಲ ಎಂಬ ಮಾತಿಗೆ ಜೀವನದಲ್ಲಿ ಮೊದಲ ಸಲ ಹೆದರಿದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಆ ಮರದ ಕಾಲನ್ನ ದಿನಾ ಇಳಿಸಿ ನೋಡ್ತಿದ್ರಲ್ಲ. ಒಂದಿನ ಈ ಕಾಲನ್ನೂ ನೋಡಿದ್ರೆ, ನಾನು ಹೇಳೋ ಕೆಲಸ ಇರ್ತಿರ್ಲಿಲ್ಲ."

ಮರುದಿನವೇ ಆಸ್ಪತ್ರೆ. ಕಾಲಿನ ವಿಭಾಗದ ನರ್ಸಮ್ಮ ಇಬ್ಬರನ್ನೂ ಸೇರಿಸಿ ಬೈದಳು. ದಿನಾ ಅಂಗಾಲು ನೋಡಿಕೊಳ್ಳುತ್ತಿದ್ದೆಯಾ ಎಂದು ಕೇಳಿದ್ದಕ್ಕೆ ಇವಳು, ಬಗ್ಗಿದರೂ ಕಾಣುವುದಿಲ್ಲ ಅಂದಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ನಿಜ. ಅಂಗಾಲ ಹುಣ್ಣಿಗೆ ಬೇಕೇ ಬೇಕಮ್ಮ," ಎಂದಳು ನರ್ಸಮ್ಮ.

ಕಿರುಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ಆದರೆ ಇನ್ನೊಂದು ಹುಣ್ಣು ಕಣ್ಣು ತಪ್ಪಿಸಿ ಬೆಳೆದರೆ ಬೆರಳಿಗೆ ನಿಲ್ಲುವುದಿಲ್ಲ, ಪಾದವೇ ಹೋಗಬಹುದು ಎಂದು ಡಾಕ್ಟರು ಅಚ್ಚಣ್ಣನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದವನ ಮುಖ ನೋಡಿ ಹೆಂಡತಿ, ಒಂದು ಬೆರಳು ಕಡಿಮೆಯಾಯಿತು, ನಿಮಗೆ ಅಷ್ಟು ಚರ್ಮ ಉಳಿತಾಯ ಅಂದಳು. ಅವನಿಗೆ ನಗು ಬರಲಿಲ್ಲ. ನಗದೆ ಇದ್ದದ್ದಕ್ಕೆ ಅವಳು ಮಗಳ ಹತ್ತಿರ ದೂರು ಹೇಳಿದಳು.

ಗಾಯ ಪೂರ್ತಿ ಮಾಯುವ ತನಕ ಕಾದು, ಒಂದು ಸಂಜೆ ಅವಳನ್ನು ಅಂಗಡಿಗೆ ಕರೆತಂದು ಕಾಗದದ ಮೇಲೆ ನಿಲ್ಲಿಸಿದ. ಅದಕ್ಕೆ ಮೊದಲು ಹಳೆಯ ಅಚ್ಚಿಗೇ ಚರ್ಮದ ಚೂರು ಅಂಟಿಸಿ ಸರಿಮಾಡಲು ನೋಡಿದ್ದ. ಎಷ್ಟು ಅಂಟಿಸಿದರೂ ಅದು ಅವಳ ಕಾಲಾಗಲಿಲ್ಲ. ಈಗ ಪೆನ್ಸಿಲ್ ಹಿಮ್ಮಡಿ ಸುತ್ತಿ ಒಳಬದಿಯ ಕಮಾನಿಗೆ ಬಂತು. ಅವನ ಕೈ ಅಲ್ಲಿ ತಾನಾಗಿ ನಿಧಾನವಾಯಿತು. ಅವಳು ನಗಲಿಲ್ಲ. ಪೆನ್ಸಿಲ್ ಎಲ್ಲಿದೆ ಎಂದು ಬಗ್ಗಿ ನೋಡುತ್ತಿದ್ದಳು.

ಹೊಸ ಅಚ್ಚು ನೋಡಲು ಚಂದವಿರಲಿಲ್ಲ. ಅಗಲ, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅದರ ಮೇಲೆ ಮೆತ್ತನೆಯ ಚರ್ಮದಲ್ಲಿ, ಒಳಗೆ ಒಂದು ಹೊಲಿಗೆಯೂ ತಾಗದಂತೆ, ಲೇಸು ಕಟ್ಟುವ ಬೂಟು ಮಾಡಿದ. ಅವಳು ಹಾಕಿಕೊಂಡು ಸಿಮೆಂಟು ನೆಲದ ಮೇಲೆ ನಡೆದು ಬಂದಳು. ಹೇಗಿದೆ ಎಂದು ಕೇಳಿದ.

"ನನ್ನನ್ನ ಕೇಳಿದ್ರೆ? ಕಾಲಿಗೇ ಗೊತ್ತಾಗಲ್ಲ. ನೀವು ನೋಡಿ ಹೇಳಿ ಹೇಗಿದೆ ಅಂತ."

ಜೀವನವಿಡೀ ಗಿರಾಕಿಯ ಬಾಯಿಂದ ಆ ಉತ್ತರ ಪಡೆದವನಿಗೆ ಈಗ ಉತ್ತರ ಕೊಡುವ ಕೆಲಸ ಬಿತ್ತು. ಮೊದಲ ದಿನ ಸ್ವಲ್ಪ ಹೊತ್ತಷ್ಟೇ ಹಾಕಿಸಿ, ಬಿಚ್ಚಿಸಿ, ಎಲ್ಲಾದರೂ ಕೆಂಪಾಗಿದೆಯೇ ಎಂದು ಬೆರಳು ಬೆರಳು ನೋಡಿದ. ಹಿಮ್ಮಡಿಯ ಮೇಲೆ ಕೆಂಪು ಕಂಡಿತು. ಬಿಚ್ಚಿ ಮತ್ತೆ ಹೊಲಿದ. ಎಲ್ಲೂ ಕೆಂಪಿಲ್ಲದ ದಿನ, ಚೆನ್ನಾಗಿದೆ ಅಂದ. ಜೇನುಬಣ್ಣದ ಹಳೆಯ ಅಚ್ಚುಗಳನ್ನು ಮನೆಗೆ ತಂದು, ಏನು ಮಾಡಲಿ ಎಂದು ಅವಳನ್ನೇ ಕೇಳಿದ. ಅವಳು ಒಂದನ್ನು ಗಾಳಿಗೆ ಬಡಿದುಕೊಳ್ಳುವ ಹಿತ್ತಿಲ ಬಾಗಿಲಿಗೆ ಅಡ್ಡ ಇಟ್ಟಳು, ಇನ್ನೊಂದನ್ನು ಮಗಳಿಗೆ ಕೊಟ್ಟಳು.

ಆಮೇಲಿನ ವರ್ಷಗಳಲ್ಲಿ ಅಚ್ಚಣ್ಣನ ಅಂಗಡಿ ತಡವಾಗಿ ತೆರೆಯತೊಡಗಿತು. ಪ್ರೆಸ್ಸಿನವರು ಬರುವ ಮೊದಲೇ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದವನು ಈಗ ಬಿಸಿಲೇರಿದ ಮೇಲೆ ಬರುತ್ತಿದ್ದ. ಮುದುಕನಾದ ಮೇಲೆ ಸರಸ ಜಾಸ್ತಿಯಾಯಿತೇ ಎಂದು ಗೆಳೆಯ ಕೆಣಕಿದ. ಹೌದಪ್ಪಾ, ಕಾಲು ಹಿಡಿಯುವ ಕೆಲಸ, ನಿನಗೆ ಆ ಯೋಗವಿಲ್ಲ ಎಂದು ಅಚ್ಚಣ್ಣ ಚರ್ಮ ನೆನೆಹಾಕಿದ. ಗೆಳೆಯ ಒಂದು ಬೆಳಗ್ಗೆ ಏನೋ ಕೆಲಸದ ಮೇಲೆ ಅವರ ಮನೆಗೆ ಹೋದಾಗ ಆ ಕೆಲಸ ಕಂಡ. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಳು. ಅಚ್ಚಣ್ಣ ಬೋಗುಣಿಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದ. ಅವಳ ಕಾಲಿಗೆ ಬಿಸಿಯೂ ತಿಳಿಯದು. ತೊಳೆದು, ಬೆರಳ ಸಂದಿಯಲ್ಲಿ ತೇವ ನಿಲ್ಲದಂತೆ ಹಳೆಯ ಮೆತ್ತನೆ ಬಟ್ಟೆಯಿಂದ ಒತ್ತಿದ. ಹಿಮ್ಮಡಿಗೆ, ಅಂಗಾಲಿಗೆ ಕ್ರೀಮು ತೀಡಿದ. ಸಂದಿಗೆ ಹಚ್ಚಲಿಲ್ಲ, ಅಲ್ಲಿ ಒದ್ದೆಯಾದರೆ ಚರ್ಮ ಬಿರಿಯುತ್ತದೆ. ತಾನು ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಅಂಗಾಲ ಕೆಳಗೆ ಹಿಡಿದು ಅತ್ತಿತ್ತ ಓರೆಮಾಡಿದ. ಅವಳು ಪೇಪರಿನಿಂದ ತಲೆಯೆತ್ತದೆ, ಏನಂತೆ ಇವತ್ತಿನ ಸುದ್ದಿ ಎಂದು ಕೇಳಿದಳು. ಸುದ್ದಿ ಏನೂ ಇಲ್ಲ ಅಂದ. ಅದಕ್ಕಿಂತ ಒಳ್ಳೆಯ ಸುದ್ದಿ ಆ ಮನೆಗೆ ಬೇಕಿರಲಿಲ್ಲ.

ಹಾಗೆ ವರ್ಷಗಳು ಕಳೆದವು. ಇನ್ನೊಂದು ಹುಣ್ಣು ಆಗಲಿಲ್ಲ.

ಹೋದ ಮಂಗಳವಾರವೂ ನೀರಿನ ಬಿಸಿ ನೋಡಿದ, ತೊಳೆದ, ಒರೆಸಿದ. ಎಡಗೈ ಜೋಮು ಹಿಡಿದಿದೆ ಎಂದು ಕನ್ನಡಿಯನ್ನು ಬಲಗೈಯಲ್ಲಿ ಹಿಡಿದ. ಸ್ವಲ್ಪ ಕೂತುಕೊಳ್ಳಿ, ನಾನೇ ಹಾಕ್ಕೊತೀನಿ ಎಂದು ಅವಳು ಕಾಲುಚೀಲ ಏರಿಸಿಕೊಂಡಳು. ಆಗಲಿ ಎಂದು ಗೋಡೆಗೆ ಒರಗಿದವನು ಬೂಟನ್ನು ಮಾತ್ರ ಅವಳ ಕೈಗೆ ಬಿಡಲಿಲ್ಲ. ಎಡಗಾಲಿನದರ ಒಳಗೆ ಕೈ ಹಾಕಿ ಹಿಮ್ಮಡಿಯಿಂದ ತುದಿಯವರೆಗೆ ತಡವಿದ. ಬಲಗಾಲಿನದನ್ನು ತಡವಿದ. ಏನೋ ಸಿಕ್ಕಿತು. ಬೋರಲು ಹಾಕಿ ತಟ್ಟಿದಾಗ ಸಾಸಿವೆಯಷ್ಟು ಕಲ್ಲಿನ ಹರಳೊಂದು ನೆಲಕ್ಕೆ ಬಿತ್ತು. ಇನ್ನೊಮ್ಮೆ ಕೈ ಹಾಕಿ ನೋಡಿದ. ಲೇಸು ಸಡಿಲಿಸಿ, ಎರಡೂ ಬೂಟುಗಳನ್ನು ಅವಳ ಕಾಲಿನ ಮುಂದೆ ಜೋಡಿಸಿ ಇಟ್ಟ.